ಹಳೇ ಕಂಪ್ಯೂಟರ್ ಕ್ಯಾಬಿನೆಟ್ ಮುಂಭಾಗ ಕೊರೆದು ಫ್ಯಾನ್ ಕೂರಿಸುವುದು: ಮನೆಯಲ್ಲೇ ಮಾಡಿದವರು ದಾರಿ ಹೇಳಿ

ಸಾಗರದ_ಮಳೆ (ಜುಲೈ 4)

ಎಲ್ಲರಿಗೂ ನಮಸ್ಕಾರ. 2009ರಲ್ಲಿ ಅಪ್ಪ ಅಂಗಡಿಯ ಲೆಕ್ಕ ಬರೆಯಲು ಅಂತ ಒಂದು ಕಂಪ್ಯೂಟರ್ ತಂದಿದ್ದರು. ಒಳಗಿನ ಬೋರ್ಡು ಹೋಗಿ ಎಷ್ಟೋ ವರ್ಷ ಆಯಿತು. ಹೊರಗಿನ ಡಬ್ಬ ಮಾತ್ರ ಗಟ್ಟಿಮುಟ್ಟಾಗಿದೆ. ಈ ಸಲ ಮೈಕ್ರೋ ಎಟಿಎಕ್ಸ್ ಅಳತೆಯ ಮದರ್‌ಬೋರ್ಡು, ಆರು ಕೋರಿನ ಪ್ರೊಸೆಸರ್, 240 ಮಿಮೀ ಉದ್ದದ ಗ್ರಾಫಿಕ್ಸ್ ಕಾರ್ಡ್ ತಗೊಂಡು ಅದೇ ಡಬ್ಬದಲ್ಲಿ ಕೂರಿಸಿದೆ. ಸ್ಕ್ರೂ ತೂತು ಎಲ್ಲಾ ಸರಿಯಾಗಿ ಕೂತವು. ನಾನೇ ಆಶ್ಚರ್ಯಪಟ್ಟೆ.

ತೊಂದರೆ ಇರುವುದು ಬಿಸಿಯದ್ದು. ಪಕ್ಕದ ಬಾಗಿಲು ಹಾಕಿ ಅರ್ಧ ಗಂಟೆ ಗೇಮ್ ಆಡಿದರೆ ಪ್ರೊಸೆಸರ್ 88 ಡಿಗ್ರಿ ತೋರಿಸುತ್ತದೆ. ಬಾಗಿಲು ತೆಗೆದಿಟ್ಟರೆ 74. ಮುಂಭಾಗ ಪೂರ್ತಿ ಪ್ಲಾಸ್ಟಿಕ್, ಗಾಳಿ ಹೋಗಲು ಜಾಗವೇ ಇಲ್ಲ. ಅದರ ಹಿಂದಿನ ತಗಡಿನಲ್ಲಿ ಸಣ್ಣ ಸಣ್ಣ ತೂತು ಇದೆ ಅಷ್ಟೇ. ಹಿಂದೆ ಒಂದು 80 ಮಿಮೀ ಫ್ಯಾನ್. ಪವರ್ ಸಪ್ಲೈ ಮೇಲುಗಡೆ ಇದೆ.

ಮುಂದೆ ಎರಡು 120 ಮಿಮೀ ಫ್ಯಾನ್ ಹಾಕಬೇಕು, ಪಕ್ಕದ ಬಾಗಿಲಿಗೆ ಅಕ್ರಿಲಿಕ್ ಕಿಟಕಿ ಮಾಡಬೇಕು, ಆಮೇಲೆ ಬಣ್ಣ ಹೊಡೆಯಬೇಕು ಅಂತ ಆಸೆ. ನನ್ನ ಹತ್ತಿರ ಡ್ರಿಲ್ ಮಷಿನ್, ಹ್ಯಾಕ್ಸಾ ಬ್ಲೇಡು, ಎರಡು ಅರ ಇವೆ. ಇಷ್ಟರಲ್ಲಿ ಆಗುತ್ತದೆಯೇ?

ಹುಬ್ಬಳ್ಳಿ_ಗಾಳಿಪಟ (ಜುಲೈ 4)

ಸರ್, ಮುಂದೆ ಜಾಲರಿ ಇರುವ ಹೊಸ ಕ್ಯಾಬಿನೆಟ್ ಮೂರು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ, ಫ್ಯಾನ್ ಸಮೇತ. ಬಣ್ಣ, ಅಕ್ರಿಲಿಕ್, ಫ್ಯಾನ್ ಎಲ್ಲಾ ಸೇರಿಸಿದರೆ ನಿಮಗೂ ಅಷ್ಟೇ ಖರ್ಚು ಬರುತ್ತದೆ. ಬೇಡ ಅಂತ ಹೇಳುತ್ತಿಲ್ಲ. ಲೆಕ್ಕ ಗೊತ್ತಿರಲಿ ಅಂತ.

ಸಾಗರದ_ಮಳೆ (ಜುಲೈ 4)

ನಿಮ್ಮ ಮಾತು ಸರಿ ಸರ್, ನಾನೂ ಲೆಕ್ಕ ಹಾಕಿದ್ದೆ. ಆದರೆ ಈ ಡಬ್ಬಕ್ಕೆ ಅಪ್ಪ ಪ್ರತಿ ವರ್ಷ ಆಯುಧಪೂಜೆಗೆ ಕುಂಕುಮ ಹಚ್ಚುತ್ತಿದ್ದರು. ಸಿಡಿ ಡ್ರೈವಿನ ಸಂದಿಯಲ್ಲಿ ಈಗಲೂ ಕೆಂಪು ಇದೆ. ಇದನ್ನು ಗುಜರಿಗೆ ಹಾಕಲು ನನಗೆ ಮನಸ್ಸು ಬರುವುದಿಲ್ಲ. ಅಲ್ಲದೆ ಈಗ ಅಗ್ಗದಲ್ಲಿ ಬರುವ ಡಬ್ಬಗಳ ತಗಡು ಬೆರಳಲ್ಲಿ ಒತ್ತಿದರೆ ಬಾಗುತ್ತದೆ. ಇದು ಹಾಗಲ್ಲ.

ಪೀಣ್ಯ_ತಗಡು (ಜುಲೈ 4)

ಖಂಡಿತ ಆಗುತ್ತದೆ ತಮ್ಮಾ. ನಾನು ಶೀಟ್ ಮೆಟಲ್ ಕೆಲಸದವನು, ಇಪ್ಪತ್ತು ವರ್ಷ ಆಯಿತು. ಮನೆಯಲ್ಲಿ ಎರಡು ಕ್ಯಾಬಿನೆಟ್ ಹೀಗೆ ಮಾಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದು.

ಬೋರ್ಡು ಸರಿಯಾಗಿ ಕೂತದ್ದಕ್ಕೆ ಆಶ್ಚರ್ಯ ಬೇಡ. ಎಟಿಎಕ್ಸ್ ಅಳತೆಯನ್ನು ಇಂಟೆಲ್ 1995ರಲ್ಲಿ ತಂದಿತು. ದೊಡ್ಡ ಬೋರ್ಡು 305 ಮಿಮೀಗೆ 244, ಮೈಕ್ರೋ 244ಕ್ಕೆ 244. ಸ್ಕ್ರೂ ತೂತಿನ ಜಾಗ ಇವತ್ತಿಗೂ ಅದೇ. ಹಾಗಾಗಿ ಹಳೇ ಡಬ್ಬದ ಅಸ್ಥಿಪಂಜರ ಹಳತಾಗುವುದಿಲ್ಲ, ಹಳತಾಗುವುದು ಅದರ ಗಾಳಿಯ ದಾರಿ. ಆಗಿನ ಪ್ರೊಸೆಸರಿಗೆ ಹಿಂದಿನ ಒಂದು ಫ್ಯಾನ್ ಸಾಕಾಗುತ್ತಿತ್ತು. ಈಗಿನ ಗ್ರಾಫಿಕ್ಸ್ ಕಾರ್ಡ್ ಬಿಸಿಗಾಳಿಯನ್ನು ಡಬ್ಬದ ಒಳಗೇ ಬಿಡುತ್ತದೆ. ನಿನ್ನ 88 ಮತ್ತು 74ರ ನಡುವಿನ ವ್ಯತ್ಯಾಸ ಇದನ್ನೇ ಹೇಳುತ್ತಿದೆ. ಪ್ರೊಸೆಸರ್ ಮೇಲಿನ ಕೂಲರ್‌ನದ್ದು ತಪ್ಪಿಲ್ಲ, ಅದಕ್ಕೆ ತಣ್ಣನೆ ಗಾಳಿ ಸಿಗುತ್ತಿಲ್ಲ.

ಮೊದಲ ಕೆಲಸ: ಎಲ್ಲವನ್ನೂ ಹೊರಗೆ ತೆಗಿ. ಬೋರ್ಡು, ಪವರ್ ಸಪ್ಲೈ, ವೈರು, ಮುಂದಿನ ಸ್ವಿಚ್ಚು, ಎಲ್ಲಾ. "ಬಟ್ಟೆ ಮುಚ್ಚಿ ಕೊರೆಯುತ್ತೇನೆ" ಅನ್ನುವವರು ಇದ್ದಾರೆ. ಕಬ್ಬಿಣದ ಒಂದು ಸಣ್ಣ ಸುರುಳಿ ಬೋರ್ಡಿನ ಹಿಂದೆ ಸಿಕ್ಕಿಕೊಂಡರೆ ಸಾಕು, ಹೊಸ ಬೋರ್ಡು ಹೋದ ಹಾಗೆ. ಬಿಚ್ಚುವ ಮೊದಲು ಸ್ವಿಚ್ಚಿನ ಪಿನ್ನುಗಳ ಫೋಟೋ ತೆಗೆದಿಡು. ಪವರ್, ರೀಸೆಟ್ ಸ್ವಿಚ್ಚನ್ನು ಹೇಗೆ ತಿರುಗಿಸಿ ಹಾಕಿದರೂ ನಡೆಯುತ್ತದೆ. ಎಲ್‌ಇಡಿಗೆ ಮಾತ್ರ ಪ್ಲಸ್ ಮೈನಸ್ ನೋಡಬೇಕು.

ಹಾರ್ಡ್ ಡಿಸ್ಕ್ ಕೂರಿಸುವ ಪಂಜರ ಮುಂದೆ ಅಡ್ಡ ಇರುತ್ತದೆ ಅಲ್ವಾ? ಅದು ರಿವೆಟ್ ಹೊಡೆದದ್ದು. ರಿವೆಟಿನ ತಲೆಯ ನಡುವೆ 4 ಮಿಮೀ ಬಿಟ್ ಇಟ್ಟು ನಿಧಾನ ಕೊರೆದರೆ ತಲೆ ಕಳಚಿ ಬರುತ್ತದೆ. ಉಳಿದದ್ದನ್ನು ಮೊಳೆ ಇಟ್ಟು ತಟ್ಟಿ ತೆಗಿ. ಆದರೆ ಪಂಜರ ಪೂರ್ತಿ ತೆಗೆಯಬೇಡ. ಡಬ್ಬದ ಮುಂಭಾಗ ನಿಂತಿರುವುದೇ ಅದರ ಮೇಲೆ. ಸಿಡಿ ಡ್ರೈವಿನ ಮೇಲಿನ ಭಾಗ ಬಿಡು, ಕೆಳಗಿನದ್ದು ಮಾತ್ರ ತೆಗಿ. ಆಮೇಲೆ ಮೂಲೆಯಲ್ಲಿ ಒಂದು ಎಲ್ ಆಕಾರದ ಅಲ್ಯೂಮಿನಿಯಂ ಪಟ್ಟಿ ಕೊಟ್ಟು ಪಾಪ್ ರಿವೆಟ್ ಹೊಡಿ. ನನ್ನ ಮೊದಲ ಡಬ್ಬದಲ್ಲಿ ಪೂರ್ತಿ ತೆಗೆದಿದ್ದೆ. ಎತ್ತಿದಾಗೆಲ್ಲಾ ಓಲಾಡಿ ಪಕ್ಕದ ಬಾಗಿಲು ಕೂರುತ್ತಲೇ ಇರಲಿಲ್ಲ.

ಇನ್ನು ಅಳತೆ. 120 ಮಿಮೀ ಫ್ಯಾನಿಗೆ ಸ್ಕ್ರೂ ತೂತುಗಳ ನಡುವೆ 105 ಮಿಮೀ ಅಂತರ. 140ರ ಫ್ಯಾನಿಗೆ 124.5. ಹಿಂದಿನ 80ರದ್ದಕ್ಕೆ 71.5. ಗಾಳಿಯ ಗುಂಡಿಗೆ 114 ಮಿಮೀ ಹೋಲ್ ಸಾ (ಗುಂಡಗೆ ಕೊರೆಯುವ ಗರಗಸ) ಹಾಕುವುದು ರೂಢಿ, ಅಂಗಡಿಯಲ್ಲಿ ನಾಲ್ಕೂವರೆ ಇಂಚು ಅಂತ ಕೇಳಿ. ನಿನ್ನ ಹತ್ತಿರ ಅದಿಲ್ಲ, ಪರವಾಗಿಲ್ಲ. ತಗಡಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಕಂಪಾಸಿನಲ್ಲಿ ವೃತ್ತ ಎಳಿ. ಒಳಗೆ 110 ಮಿಮೀದು ಇನ್ನೊಂದು ವೃತ್ತ. ಆ ಒಳ ವೃತ್ತದ ಉದ್ದಕ್ಕೂ ತೂತಿಗೆ ತೂತು ತಾಗುವ ಹಾಗೆ 4 ಮಿಮೀ ಬಿಟ್‌ನಲ್ಲಿ ಕೊರೆದು ಹೋಗು. ಕೊನೆಗೆ ಬಿಲ್ಲೆ ಕಳಚಿಕೊಳ್ಳುತ್ತದೆ. ಹಲ್ಲು ಹಲ್ಲಾಗಿ ಉಳಿದದ್ದನ್ನು ಅರ್ಧಚಂದ್ರದ ಅರದಿಂದ ಉಜ್ಜಿ ಹೊರ ವೃತ್ತಕ್ಕೆ ತಾ. ಒಂದು ಗುಂಡಿಗೆ ಎರಡು ಗಂಟೆ ಹಿಡಿಯುತ್ತದೆ. ಕೈ ನೋಯುತ್ತದೆ. ಆದರೆ ಗ್ರೈಂಡರಿಗಿಂತ ಇದೇ ಚೆನ್ನಾಗಿ ಬರುತ್ತದೆ.

ತಗಡಿನ ಹಿಂದೆ ಮರದ ಹಲಗೆ ಇಟ್ಟು ಕ್ಲ್ಯಾಂಪ್ ಬಿಗಿ. ತೆಳು ತಗಡು ಬಿಟ್‌ಗೆ ಸಿಕ್ಕಿ ಗರ್ರನೆ ತಿರುಗಿದರೆ ಬೆರಳು ಹೋಗುತ್ತದೆ. ಕಣ್ಣಿಗೆ ಕನ್ನಡಕ ಕಡ್ಡಾಯ. ಡ್ರಿಲ್ ಹಿಡಿದಾಗ ಸಡಿಲ ಬಟ್ಟೆಯ ಗ್ಲೌಸ್ ಬೇಡ, ಅದನ್ನೂ ಬಿಟ್ ಎಳೆದುಕೊಳ್ಳುತ್ತದೆ. ಗ್ಲೌಸ್ ಬೇಕಿರುವುದು ಕೊರೆದ ಮೇಲೆ, ಅಂಚು ಹಿಡಿಯುವಾಗ.

ಕೊರೆಯುವ ಮೊದಲು ಇನ್ನೊಂದು ನೋಡು. ಫ್ಯಾನ್ 25 ಮಿಮೀ ದಪ್ಪ. ನಿನ್ನ ಕಾರ್ಡ್ 240. ಹಿಂದಿನ ಸ್ಲಾಟಿನಿಂದ ಮುಂದಿನ ತಗಡಿನವರೆಗೆ ಎಷ್ಟಿದೆ ಅಂತ ಅಳೆದು ಹೇಳು.

ಸಾಗರದ_ಮಳೆ (ಜುಲೈ 5)

ಅಣ್ಣಾ, ಇಷ್ಟು ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಅಳೆದೆ, ಪಂಜರ ತೆಗೆದರೆ 345 ಮಿಮೀ ಇದೆ. ಜಾಗ ಸಾಕು.

ಕಲಬುರಗಿ_ಬಿಸಿಲು (ಜುಲೈ 5)

ಅಣ್ಣಾರ, ನಮ್ಮ ಕಡೆ ಬಿಸಿಲಿಗಿಂತ ದೂಳಿನ ಕಾಟ ಜಾಸ್ತಿ. ಮುಂದೆ ಅಷ್ಟು ದೊಡ್ಡ ತೂತು ಮಾಡಿದರೆ ಒಂದೇ ತಿಂಗಳಲ್ಲಿ ಹೀಟ್‌ಸಿಂಕ್ ಮೇಲೆ ಕಂಬಳಿ ಹೊದಿಸಿದ ಹಾಗೆ ಆಗುವುದಿಲ್ಲವೇ?

ಪೀಣ್ಯ_ತಗಡು (ಜುಲೈ 5)

ಒಳ್ಳೆ ಪ್ರಶ್ನೆ. ಒಳಗೆ ಬರುವ ಗಾಳಿ ಹೊರಗೆ ಹೋಗುವುದಕ್ಕಿಂತ ಸ್ವಲ್ಪ ಜಾಸ್ತಿ ಇರಬೇಕು. ಹಾಗಿದ್ದರೆ ಸಂದಿಗಳಿಂದ ಗಾಳಿ ಹೊರಗೆ ತಳ್ಳುತ್ತದೆ, ದೂಳು ಎಳೆದುಕೊಳ್ಳುವುದಿಲ್ಲ. ಮುಂದೆ ಎರಡು 120 ಒಳಕ್ಕೆ, ಹಿಂದೆ ಒಂದು 80 ಹೊರಕ್ಕೆ, ಜೊತೆಗೆ ಪವರ್ ಸಪ್ಲೈ ಫ್ಯಾನ್. ಈ ಲೆಕ್ಕ ಸರಿ ಹೋಗುತ್ತದೆ. ಈಗ ಗಾಳಿ ಬರುವುದು ಮುಂದಿನಿಂದ ಮಾತ್ರ. ಅಲ್ಲಿ ಒಂದು ಜಾಲರಿ ಕಟ್ಟಿದರೆ ಮುಗಿಯಿತು.

ಕಿಟಕಿಗೆ ಹೊಡೆಯುವ ಸೊಳ್ಳೆ ಜಾಲರಿ ಸಾಕು. ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಅಂಚಿಗೆ ಮ್ಯಾಗ್ನೆಟ್ ಪಟ್ಟಿ ಅಂಟಿಸಿ, ತಗಡಿಗೆ ತಾನೇ ಹಿಡಿದುಕೊಳ್ಳುತ್ತದೆ. ತೆಗೆದು ನಲ್ಲಿ ಕೆಳಗೆ ತೊಳೆದು ಒಣಗಿಸಿ ಹಾಕುವುದು. ತುಂಬಾ ಒತ್ತೊತ್ತಾದ ಬಟ್ಟೆ ಕಟ್ಟಬೇಡಿ. ಕಾಲುಚೀಲ ಕಟ್ಟಿದವರನ್ನು ನೋಡಿದ್ದೇನೆ. ದೂಳಿನ ಜೊತೆ ಗಾಳಿಯೂ ನಿಂತುಹೋಗುತ್ತದೆ.

ಫ್ಯಾನ್ ಯಾವ ಕಡೆ ಊದುತ್ತದೆ ಅಂತ ಗೊತ್ತಾಗದಿದ್ದರೆ ಅದರ ಚೌಕಟ್ಟು ನೋಡಿ. ಕಡ್ಡಿಗಳು ಇರುವ ಬದಿಯಿಂದ ಗಾಳಿ ಹೊರಗೆ ಬರುತ್ತದೆ. ಕೆಲವದರಲ್ಲಿ ಬಾಣದ ಗುರುತೂ ಇರುತ್ತದೆ.

ಕಲಬುರಗಿ_ಬಿಸಿಲು (ಜುಲೈ 5)

ಸೊಳ್ಳೆ ಜಾಲರಿ ನಮ್ಮ ಮನೆಯಲ್ಲೇ ಉಳಿದದ್ದು ಇದೆ. ನಾನೂ ಶುರು ಮಾಡುತ್ತೇನೆ.

ಉಡುಪಿ_ಉಪ್ಪುಗಾಳಿ (ಜುಲೈ 6)

ಬಣ್ಣದ ಬಗ್ಗೆ ನಾನು ಹೇಳುತ್ತೇನೆ. ನಮ್ಮದು ಸಮುದ್ರದಿಂದ ಎರಡು ಕಿಲೋಮೀಟರ್. ಕೊರೆದ ಅಂಚು ಹಾಗೇ ಬಿಟ್ಟರೆ ಒಂದೇ ವಾರದಲ್ಲಿ ಕಂದು ಗೆರೆ ಬರುತ್ತದೆ ಮಾರಾಯ್ರೆ.

ಕ್ಯಾಬಿನೆಟ್ ತಗಡಿಗೆ ಸಾಮಾನ್ಯವಾಗಿ ತೆಳುವಾದ ಜಿಂಕ್ ಲೇಪ ಇರುತ್ತದೆ. ಒಳಗೆ ಬೂದಿ ಬಣ್ಣ ಕಾಣುತ್ತದಲ್ಲ, ಅದೇ. ಅದು ಇರುವವರೆಗೆ ತುಕ್ಕು ಬರುವುದಿಲ್ಲ. ನೀವು ಕೊರೆದ ಕಡೆ ಲೇಪ ಹೋಗಿ ಬರಿ ಕಬ್ಬಿಣ ಹೊರಗೆ ಬರುತ್ತದೆ. ಇನ್ನೊಂದು ಕಷ್ಟ ಅಂದರೆ, ಜಿಂಕ್ ಮೇಲೆ ನೇರ ಬಣ್ಣ ಹೊಡೆದರೆ ನಿಲ್ಲುವುದಿಲ್ಲ. ಉಗುರಿನಲ್ಲಿ ಕೆರೆದರೆ ಹಾಳೆಯ ಹಾಗೆ ಏಳುತ್ತದೆ. ಕಾರಿಗೆ ಬಣ್ಣ ಹೊಡೆಯುವವರ ಹತ್ತಿರ ವಾಷ್ ಪ್ರೈಮರ್ ಅಂತ ಕೇಳಿ. ಅದು ಲೋಹವನ್ನು ಸ್ವಲ್ಪ ಕಚ್ಚಿ ಹಿಡಿಯುತ್ತದೆ. ಅದರ ಮೇಲೆ ಮಾಮೂಲಿ ಪ್ರೈಮರ್, ಆಮೇಲೆ ಬಣ್ಣ.

ಹಳೇ ಬಣ್ಣ ಗಟ್ಟಿಯಾಗಿದ್ದ ಕಡೆ ಪೂರ್ತಿ ಕೆರೆಯುವುದು ಬೇಡ. 400ರ ವಾಟರ್ ಪೇಪರ್‌ನಲ್ಲಿ ಹೊಳಪು ಹೋಗುವಷ್ಟು ಉಜ್ಜಿ. ಸೋಪು ನೀರಲ್ಲಿ ತೊಳೆದು ಚೆನ್ನಾಗಿ ಒಣಗಿಸಿ. ಆಮೇಲೆ ಕೈ ಬೆರಳು ತಾಗಿಸಬೇಡಿ, ಬೆವರಿನ ಎಣ್ಣೆ ಇದ್ದಲ್ಲಿ ಬಣ್ಣ ಗುಳಿ ಬೀಳುತ್ತದೆ. ಸ್ಪ್ರೇ ಡಬ್ಬಿ ಒಂದು ಗೇಣು ದೂರ ಹಿಡಿದು ತೆಳುವಾಗಿ ಮೂರು ನಾಲ್ಕು ಕೋಟ್. ಒಂದೇ ಸಲ ದಪ್ಪ ಹೊಡೆದರೆ ಇಳಿದು ಕಣ್ಣೀರಿನ ಗೆರೆ ಆಗುತ್ತದೆ. ಡಬ್ಬಿಯನ್ನು ತಗಡಿನ ಆಚೆಯಿಂದ ಒತ್ತಲು ಶುರು ಮಾಡಿ ಈಚೆ ದಾಟಿದ ಮೇಲೆ ಬಿಡಿ.

ಒಂದು ಮಾತು. ಈ ತಿಂಗಳು ಸಾಗರದಲ್ಲಿ ಬಣ್ಣದ ಕೆಲಸ ಬೇಡ. ಮಳೆ ಕಳೆಯಲಿ.

ಮೈಸೂರು_ಐಟಿಐ_ಮೇಡಂ (ಜುಲೈ 6)

ಎಲ್ಲರೂ ಒಳ್ಳೆಯ ಮಾತು ಹೇಳಿದ್ದೀರಿ. ಯಾರೂ ಅರ್ತ್ ಬಗ್ಗೆ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಐಟಿಐಯಲ್ಲಿ ಎಲೆಕ್ಟ್ರಿಕಲ್ ಪಾಠ ಮಾಡುತ್ತೇನೆ.

ಪವರ್ ಸಪ್ಲೈನ ಹೊರಕವಚ ಮೂರನೇ ಪಿನ್ನಿನ ಮೂಲಕ ಅರ್ತ್‌ಗೆ ಸೇರಿರುತ್ತದೆ. ಅದು ನಾಲ್ಕು ಸ್ಕ್ರೂಗಳಿಂದ ಡಬ್ಬದ ಬರಿ ಲೋಹಕ್ಕೆ ತಾಗಿ, ಇಡೀ ಡಬ್ಬ ಅರ್ತ್ ಆಗುತ್ತದೆ. ಬೋರ್ಡನ್ನು ಎತ್ತಿ ನಿಲ್ಲಿಸುವ ಹಿತ್ತಾಳೆ ಕಂಬಗಳೂ ಇದಕ್ಕೇ ಸೇರಿವೆ. ನೀವು ಡಬ್ಬದ ಒಳಗೂ ಹೊರಗೂ ಬಣ್ಣ ಹೊಡೆದರೆ ಈ ಸಂಪರ್ಕ ತಪ್ಪಬಹುದು. ಆದ್ದರಿಂದ ಪವರ್ ಸಪ್ಲೈ ಕೂರುವ ಚೌಕ, ಹಿತ್ತಾಳೆ ಕಂಬದ ಬುಡ, ಪಕ್ಕದ ಬಾಗಿಲು ತಾಗುವ ಅಂಚು, ಈ ಮೂರೂ ಕಡೆ ಮಾಸ್ಕಿಂಗ್ ಟೇಪ್ ಹಾಕಿ ಬಣ್ಣ ಬೀಳದಂತೆ ನೋಡಿಕೊಳ್ಳಿ. ಬಣ್ಣ ಆದ ಮೇಲೆ ಮಲ್ಟಿಮೀಟರಿನಲ್ಲಿ ಪ್ಲಗ್ಗಿನ ದೊಡ್ಡ ಪಿನ್ನಿಗೂ ಡಬ್ಬದ ಬರಿ ಲೋಹಕ್ಕೂ ಕಂಟಿನ್ಯುಟಿ ನೋಡಿ. ಬೀಪ್ ಬರಬೇಕು. ಪ್ಲಗ್ ಗೋಡೆಯಿಂದ ಕಿತ್ತಿರಬೇಕು ಅಂತ ಹೇಳಬೇಕಿಲ್ಲ ಅಲ್ವಾ?

ಪವರ್ ಸಪ್ಲೈನ ಮುಚ್ಚಳ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ. ಅದಕ್ಕೂ ಬಣ್ಣ ಹೊಡೆಯಬೇಕು ಅಂತ ಬಿಚ್ಚುವವರಿದ್ದಾರೆ. ಒಳಗಿನ ದೊಡ್ಡ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಚಾರ್ಜ್ ಹಿಡಿದಿಟ್ಟುಕೊಂಡಿರಬಹುದು. ಅದು ಜೀವಕ್ಕೆ ಅಪಾಯ.

ಸಾಗರದ_ಮಳೆ (ಜುಲೈ 13)

ಶನಿವಾರ, ಭಾನುವಾರ ಎರಡೂ ದಿನ ಕೊರೆಯುವ ಕೆಲಸ ಆಯಿತು. ಹೇಗಾಯಿತು ಅಂತ ಬರೆಯುತ್ತೇನೆ.

ಜಗಲಿಯ ಮೇಲೆ ಹಳೇ ಕಂಬಳಿ ಹಾಸಿ, ಅಡಿಕೆ ಮರದ ದಬ್ಬೆ ಹಿಂದೆ ಕೊಟ್ಟು ಕೂತೆ. ಮೊದಲ ಗುಂಡಿಗೆ 82 ತೂತು ಆಯಿತು. ಮೊದಲ ಹತ್ತು ತೂತಿಗೆ ಕೈ ನಡುಗುತ್ತಿತ್ತು. ಬಿಟ್ ಜಾರಿ ಟೇಪಿನ ಆಚೆ ಗೀರು ಬಿತ್ತು. ಆಮೇಲೆ ಪ್ರತಿ ತೂತಿಗೂ ಮೊದಲು ಮೊಳೆ ಇಟ್ಟು ಒಂದು ಚುಕ್ಕಿ ಹೊಡೆದುಕೊಂಡೆ. ಬಿಟ್ ಜಾರುವುದು ನಿಂತಿತು. ಬಿಲ್ಲೆ ಕಳಚಿದಾಗ 'ಟಣ್' ಅಂತ ನೆಲಕ್ಕೆ ಬಿತ್ತು. ಅಂಚು ನೋಡಿದರೆ ಗರಗಸದ ಹಲ್ಲಿನ ಹಾಗೆ ಇತ್ತು. ಅರದಲ್ಲಿ ಉಜ್ಜುತ್ತಾ ಉಜ್ಜುತ್ತಾ ಆ ಕರಕರ ಸದ್ದು ಸಣ್ಣಗೆ, ನುಣ್ಣಗೆ ಆಗುತ್ತಾ ಬರುತ್ತದೆ. ಸದ್ದಿನಲ್ಲೇ ಗೊತ್ತಾಗುತ್ತದೆ, ಎಲ್ಲಿ ಇನ್ನೂ ಉಬ್ಬು ಇದೆ ಅಂತ. ಎರಡನೇ ಗುಂಡಿಗೆ ಒಂದೂಕಾಲು ಗಂಟೆ ಸಾಕಾಯಿತು.

ಕಬ್ಬಿಣದ ಪುಡಿ ಎಲ್ಲಾ ಕಡೆ. ಹಳೇ ಸ್ಪೀಕರಿನ ಮ್ಯಾಗ್ನೆಟ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಡಬ್ಬದ ಒಳಗೆಲ್ಲಾ ಸವರಿದೆ. ಕವರ್ ತಿರುಗಿಸಿ ಕೊಡವಿದರೆ ಪುಡಿ ಉದುರುತ್ತದೆ. ಮೂರು ಸಲ ಹೀಗೆ ಮಾಡಿದ ಮೇಲೂ ನಾಲ್ಕನೇ ಸಲ ಬಂತು. ಕೊನೆಗೆ ಪೈಪಿನಲ್ಲಿ ನೀರು ಬಿಟ್ಟು ತೊಳೆದೆ. ಅಂಚಿಗೆ ರಬ್ಬರ್ ಬೀಡಿಂಗ್ ಹಾಕಿದೆ.

ಪ್ಲಾಸ್ಟಿಕ್ ಮುಖಕ್ಕೂ ಗಾಳಿಯ ದಾರಿ ಬೇಕಿತ್ತು. ಹ್ಯಾಕ್ಸಾ ಬ್ಲೇಡಿನಲ್ಲಿ ಕೆಳಗಿನ ಅರ್ಧ ಕತ್ತರಿಸಿ ತೂತಿನ ತಗಡು ಕೂರಿಸಿದೆ. ಸಿಡಿ ಡ್ರೈವಿನ ಜಾಗ ಮುಟ್ಟಲಿಲ್ಲ. ಕುಂಕುಮ ಇದ್ದದ್ದು ಅಲ್ಲಿ.

ಬಣ್ಣಕ್ಕೆ ಮೊದಲು ಒಮ್ಮೆ ಎಲ್ಲಾ ಜೋಡಿಸಿ ಪರೀಕ್ಷೆ ಮಾಡಿದೆ. ಬಾಗಿಲು ಹಾಕಿ ಅದೇ ಗೇಮ್ ಅರ್ಧ ಗಂಟೆ. 75 ಡಿಗ್ರಿ! ಬಾಗಿಲು ತೆಗೆದಿಟ್ಟಾಗ ಬರುತ್ತಿದ್ದ ಬಿಸಿಗಿಂತ ಒಂದೇ ಡಿಗ್ರಿ ಜಾಸ್ತಿ.

ಆದರೆ ಇನ್ನೊಂದು ವಿಷಯ ಗಮನಕ್ಕೆ ಬಂತು. ಬರಿಗಾಲಲ್ಲಿ ನಿಂತು ಬಣ್ಣ ಹೋದ ಅಂಚು ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಮೇಡಂ, ಇದು ಏನು? ನಾನು ಕೊರೆದದ್ದರಿಂದ ಆದದ್ದೇ?

ಮೈಸೂರು_ಐಟಿಐ_ಮೇಡಂ (ಜುಲೈ 13)

ಮೊದಲು ಪ್ಲಗ್ ಕಿತ್ತುಬಿಡಿ. ಕೆಳಗಿನದ್ದು ಓದಿದ ಮೇಲೆ ಮುಂದಿನ ಮಾತು.

ನೀವು ಕೊರೆದದ್ದರಿಂದ ಅಲ್ಲ. ಮೊದಲೂ ಹೀಗೇ ಇತ್ತು, ಬಣ್ಣ ಮತ್ತು ಪ್ಲಾಸ್ಟಿಕ್ ಮುಚ್ಚಿಟ್ಟಿದ್ದವು. ಪವರ್ ಸಪ್ಲೈ ಒಳಗೆ ಫೇಸ್‌ನಿಂದ ಕವಚಕ್ಕೆ, ನ್ಯೂಟ್ರಲ್‌ನಿಂದ ಕವಚಕ್ಕೆ ಎರಡು ಸಣ್ಣ ಕೆಪಾಸಿಟರ್ ಇರುತ್ತವೆ. ವಿದ್ಯುತ್ತಿನ ಗದ್ದಲ ತಡೆಯಲು. ಅರ್ತ್ ಸರಿ ಇದ್ದರೆ ಅದರಿಂದ ಸೋರುವುದು ನೆಲಕ್ಕೆ ಹೋಗುತ್ತದೆ. ಅರ್ತ್ ಇಲ್ಲದಿದ್ದರೆ 230 ವೋಲ್ಟಿನ ಅರ್ಧ, ಅಂದರೆ 115ರ ಆಸುಪಾಸು, ಡಬ್ಬದ ಮೇಲೆ ನಿಲ್ಲುತ್ತದೆ. ಕರೆಂಟಿನ ಪ್ರಮಾಣ ಬಹಳ ಕಡಿಮೆ, ಅದಕ್ಕೆ ಬರಿ ಜುಮ್ ಅನ್ನಿಸುತ್ತದೆ. ಆದರೆ ನಾಳೆ ಪವರ್ ಸಪ್ಲೈ ಕೆಟ್ಟು ಫೇಸ್ ನೇರ ಕವಚಕ್ಕೆ ತಾಗಿದರೆ? ಆಗ ಪೂರ್ತಿ 230 ಡಬ್ಬದ ಮೇಲೆ ಇರುತ್ತದೆ, ಫ್ಯೂಸೂ ಹೋಗುವುದಿಲ್ಲ.

ನಿಮ್ಮ ಸಾಕೆಟ್ಟಿನ ಮೂರನೇ ತೂತಿಗೆ ವೈರ್ ಬಂದಿಲ್ಲ, ಅಥವಾ ಮನೆಯ ಅರ್ತ್ ಗುಂಡಿಯೇ ಸತ್ತಿದೆ. ಎಲೆಕ್ಟ್ರಿಷಿಯನ್ ಕರೆಸಿ ಅಳೆಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230, ಫೇಸ್ ಮತ್ತು ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಒಂದೆರಡು ವೋಲ್ಟ್ ಇರಬೇಕು. ಕೆಲವರು ನ್ಯೂಟ್ರಲ್ಲನ್ನೇ ಅರ್ತ್ ತೂತಿಗೆ ಜೋಡಿಸಿ "ಸರಿ ಹೋಯಿತು" ಅನ್ನುತ್ತಾರೆ. ಅದಕ್ಕೆ ಒಪ್ಪಬೇಡಿ. ಬೇರೆಯೇ ಗುಂಡಿ ತೆಗೆದು ಇದ್ದಿಲು, ಉಪ್ಪು ಹಾಕಿ ಅರ್ತ್ ಮಾಡಿಸಿ. ಜೊತೆಗೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿದರೆ ಮನೆಯವರೆಲ್ಲರಿಗೂ ಒಳ್ಳೆಯದು.

ಫ್ಯಾನ್, ಲೈಟು ಆಮೇಲೆ. ಇದು ಮೊದಲು.

ಸಾಗರದ_ಮಳೆ (ಜುಲೈ 17)

ಮೇಡಂ, ನೀವು ಹೇಳಿದ ಹಾಗೇ ಇತ್ತು. ಸಾಕೆಟ್ ಬಿಚ್ಚಿದಾಗ ಅರ್ತ್ ತೂತಿಗೆ ವೈರೇ ಇರಲಿಲ್ಲ. ಮನೆ ಕಟ್ಟಿದಾಗಿನಿಂದ ಹಾಗೇ ಇತ್ತು ಅನ್ನಿಸುತ್ತದೆ. ಹೊಸ ಗುಂಡಿ ತೆಗೆಸಿದೆವು, ಆರ್‌ಸಿಸಿಬಿಯೂ ಬಂತು. ಅಡುಗೆಮನೆಯ ಮಿಕ್ಸಿ ಮುಟ್ಟಿದರೆ ಅಮ್ಮನಿಗೆ ಆಗಾಗ ಜುಮ್ ಅನ್ನುತ್ತಿತ್ತಂತೆ. ಅದೂ ಈಗ ನಿಂತಿದೆ. ನಿಮಗೆ ನಮ್ಮ ಮನೆಯವರೆಲ್ಲರ ನಮಸ್ಕಾರ.

ಮೈಸೂರು_ಐಟಿಐ_ಮೇಡಂ (ಜುಲೈ 17)

ಓದಿ ಮನಸ್ಸಿಗೆ ತುಂಬಾ ಸಮಾಧಾನ ಆಯಿತು. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಸಾಗರದ_ಮಳೆ (ಜುಲೈ 22)

ಉಡುಪಿಯವರ ಮಾತು ಕೇಳದೆ ಆತುರಪಟ್ಟೆ. ನಿನ್ನೆ ಎರಡು ಗಂಟೆ ಹೊಳವಾಗಿತ್ತು. ಪ್ರೈಮರ್ ಮೊದಲೇ ಆಗಿತ್ತು, ಕಪ್ಪು ಬಣ್ಣ ಹೊಡೆದುಬಿಟ್ಟೆ. ಹೊಡೆಯುವಾಗ ಚೆನ್ನಾಗಿತ್ತು. ಹತ್ತು ನಿಮಿಷಕ್ಕೆ ಮಜ್ಜಿಗೆ ಚೆಲ್ಲಿದ ಹಾಗೆ ಬಿಳಿ ಮಬ್ಬು ಬಂತು. ಬಟ್ಟೆಯಲ್ಲಿ ಒರೆಸಿದರೂ ಹೋಗುತ್ತಿಲ್ಲ.

ತೀರ್ಥಹಳ್ಳಿ_ತೋಟ (ಜುಲೈ 22)

ನಮ್ಮ ಕಡೆ ಬಟ್ಟೆ ಒಣಗದಿದ್ದರೆ ಬಚ್ಚಲ ಒಲೆಯ ಹತ್ತಿರ ಹರವುತ್ತೇವೆ. ತಗಡನ್ನು ಅಲ್ಲಿಟ್ಟು ಬಣ್ಣ ಹೊಡೆಯಬಹುದಲ್ಲ?

ಉಡುಪಿ_ಉಪ್ಪುಗಾಳಿ (ಜುಲೈ 22)

ದಯವಿಟ್ಟು ಬೇಡ! ಸ್ಪ್ರೇ ಡಬ್ಬಿಯೊಳಗಿನ ಗ್ಯಾಸೂ, ಥಿನ್ನರಿನ ಆವಿಯೂ ಬೆಂಕಿ ಹಿಡಿಯುವಂಥವು. ಬಚ್ಚಲ ಒಲೆ, ಗ್ಯಾಸ್ ಒಲೆ, ದೇವರ ದೀಪ, ಇವು ಇರುವ ಕೋಣೆಯಲ್ಲಿ ಸ್ಪ್ರೇ ಮಾಡಲೇಬಾರದು.

ಬಿಳಿ ಮಬ್ಬು ಯಾಕೆ ಬರುತ್ತದೆ ಅಂತ ಹೇಳುತ್ತೇನೆ. ಥಿನ್ನರ್ ಆರುವಾಗ ತಗಡಿನ ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಆ ತಣ್ಣನೆ ಮೈ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿ ಕೂರುತ್ತದೆ. ಹನಿ ಬಣ್ಣದ ಒಳಗೆ ಸಿಕ್ಕಿಕೊಂಡು ಮಬ್ಬು ಆಗುತ್ತದೆ. ಹೊರಗೆ ಮಳೆ ನಿಂತಿದ್ದರೂ ಗಾಳಿಯ ತೇವ ಎಲ್ಲಿ ಹೋಗುತ್ತದೆ? ಪುಷ್ಯ ಮಳೆಯ ಕಾಲ ಇದು.

ಬಣ್ಣ ಹಾಳಾಗಿಲ್ಲ, ಬೇಜಾರು ಮಾಡಬೇಡಿ. ಒಂದು ವಾರ ಒಳಗಿಟ್ಟು ಪೂರ್ತಿ ಗಟ್ಟಿಯಾಗಲು ಬಿಡಿ. 600ರ ವಾಟರ್ ಪೇಪರ್‌ನಲ್ಲಿ ಹಗುರವಾಗಿ ಉಜ್ಜಿ ತೊಳೆಯಿರಿ. ಆಮೇಲೆ ನಿಜವಾದ ಬಿಸಿಲು ಬಂದ ದಿನ, ಬೆಳಗ್ಗೆ ಹನ್ನೊಂದರ ನಂತರ, ತಗಡನ್ನು ಬಿಸಿಲಿಗಿಟ್ಟು ಬೆಚ್ಚಗೆ ಮಾಡಿ, ನೆರಳಿಗೆ ತಂದು ತೆಳು ಕೋಟ್ ಹೊಡೆಯಿರಿ. ಕಾಯಲು ಆಗದಿದ್ದರೆ ಪೌಡರ್ ಕೋಟಿಂಗ್‌ಗೆ ಕೊಡಿ.

ಪೀಣ್ಯ_ತಗಡು (ಜುಲೈ 22)

ಪೌಡರ್ ಕೋಟಿಂಗ್ ಆದರೆ ಮಳೆಯ ಚಿಂತೆ ಇಲ್ಲ, ಒಲೆಯಲ್ಲಿ ಸುಮಾರು 180ರಿಂದ 200 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಪೀಣ್ಯದಲ್ಲಿ ಬೀದಿಗೊಂದು ಅಂಗಡಿ ಇದೆ. ಆದರೆ ಪ್ಲಾಸ್ಟಿಕ್, ರಬ್ಬರ್ ಒಂದೂ ಉಳಿಯದ ಹಾಗೆ ತೆಗೆದು ಕೊಡಬೇಕು. ಸಾಗರದಿಂದ ಡಬ್ಬ ಹೊತ್ತು ತರುವುದಕ್ಕಿಂತ ನೀನು ಬಿಸಿಲಿಗೆ ಕಾಯುವುದೇ ವಾಸಿ.

ಸಾಗರದ_ಮಳೆ (ಜುಲೈ 23)

ಕಾಯುತ್ತೇನೆ. ಅಷ್ಟರಲ್ಲಿ ಕಿಟಕಿಯ ಕೆಲಸ. ಪಕ್ಕದ ಬಾಗಿಲಿನಲ್ಲಿ 'ಮುಂಗಾರು' ಅಂತ ದೊಡ್ಡದಾಗಿ ತಗಡಿನಲ್ಲೇ ಕತ್ತರಿಸಿ ಹಿಂದಿನಿಂದ ಬೆಳಕು ಬಿಡಬೇಕು ಅಂದುಕೊಂಡಿದ್ದೇನೆ. ಇಂಗ್ಲಿಷ್ ಅಕ್ಷರ ಕತ್ತರಿಸಿದ ಡಬ್ಬ ಎಷ್ಟೋ ನೋಡಿದ್ದೇನೆ, ಕನ್ನಡದ್ದು ಒಂದೂ ನೋಡಿಲ್ಲ.

ತುಮಕೂರು_ರೇಡಿಯಂ (ಜುಲೈ 23)

ತುಂಬಾ ಖುಷಿಯಾಯಿತು ಓದಿ. ನಮ್ಮದು ಗಾಡಿಗಳಿಗೆ ರೇಡಿಯಂ ಸ್ಟಿಕ್ಕರ್ ಕತ್ತರಿಸುವ ಅಂಗಡಿ. ಈ ಕೆಲಸದಲ್ಲಿ ಕನ್ನಡಕ್ಕೆ ಒಂದು ವಿಶೇಷ ತೊಂದರೆ ಇದೆ. ನಮ್ಮ ಅಕ್ಷರ ದುಂಡು. 'ಮುಂಗಾರು' ತಗಡಿನಲ್ಲಿ ಕತ್ತರಿಸಿದರೆ ಸೊನ್ನೆಯ ಹೊಟ್ಟೆ ಕಳಚಿ ಕೆಳಗೆ ಬೀಳುತ್ತದೆ. 'ರ'ದ ಹೊಟ್ಟೆಯೂ ಅಷ್ಟೇ. 'ಮ' ಕೂಡ ಫಾಂಟ್ ನೋಡಿಕೊಂಡು. 'ಠ' ಬಂದರಂತೂ ಒಳಗಿನ ಚುಕ್ಕಿಗೆ ಆಧಾರವೇ ಇಲ್ಲ. ಪ್ರತಿ ಹೊಟ್ಟೆಗೂ ಎರಡು ಕಡೆ 3 ಮಿಮೀ ಸೇತುವೆ ಬಿಟ್ಟು ಕತ್ತರಿಸಬೇಕು. ಮಾಡಬಹುದು, ಆದರೆ ಅಕ್ಷರದ ಚಂದ ಹೋಗುತ್ತದೆ.

ನನ್ನ ಸಲಹೆ ಬೇರೆ. ತಗಡಿನಲ್ಲಿ ದೊಡ್ಡ ಚೌಕ ಕಿಟಕಿ ಮಾಡಿ, 3 ಮಿಮೀ ಅಕ್ರಿಲಿಕ್ ಹಾಕಿ. ಅಕ್ರಿಲಿಕ್ ಮೇಲೆ ಪೂರ್ತಿ ಕಪ್ಪು ವಿನೈಲ್ ಅಂಟಿಸಿ ಅಕ್ಷರದ ಜಾಗ ಮಾತ್ರ ಕಿತ್ತು ತೆಗೆಯಿರಿ. ಸೊನ್ನೆಯ ಹೊಟ್ಟೆ ಅಕ್ರಿಲಿಕ್ಕಿಗೇ ಅಂಟಿಕೊಂಡಿರುತ್ತದೆ, ಎಲ್ಲೂ ಬೀಳುವುದಿಲ್ಲ. ಹಿಂದಿನಿಂದ ಬೆಳಕು ಬಿಟ್ಟರೆ ಅಕ್ಷರ ಪೂರ್ತಿ, ಸೇತುವೆ ಇಲ್ಲದೆ ಹೊಳೆಯುತ್ತದೆ.

ಫಾಂಟ್ ದಪ್ಪ, ದುಂಡಗೆ ಇರಲಿ. 'ಬಲೂ ತಮ್ಮ' ಉಚಿತವಾಗಿ ಸಿಗುತ್ತದೆ, ಕತ್ತರಿಸಲು ಬಹಳ ಚೆನ್ನಾಗಿದೆ. ಇನ್ನೊಂದು ಮುಖ್ಯ ವಿಷಯ. ಅಂಗಡಿಗೆ ಬರಿ ಅಕ್ಷರ ಟೈಪ್ ಮಾಡಿ ಕಳಿಸಬೇಡಿ. ನಮ್ಮ ಹಳೇ ಸಾಫ್ಟ್‌ವೇರ್‌ಗಳಲ್ಲಿ ಯೂನಿಕೋಡ್ ಕನ್ನಡ ಒಡೆದುಹೋಗುತ್ತದೆ, ಒತ್ತಕ್ಷರ ಪಕ್ಕಕ್ಕೆ ಬಂದು ಕೂರುತ್ತದೆ. ಚಿತ್ರ ಬರೆಯುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ನಲ್ಲಿ ಬರೆದು, ಅಕ್ಷರವನ್ನು ಪಾತ್ ಆಗಿ ಬದಲಾಯಿಸಿ ಪಿಡಿಎಫ್ ಕಳಿಸಿ. ಆಗ ಅದು ಚಿತ್ರದ ಗೆರೆ, ಒಡೆಯುವ ಮಾತೇ ಇಲ್ಲ.

ಪೀಣ್ಯ_ತಗಡು (ಜುಲೈ 23)

ಅಕ್ರಿಲಿಕ್ ಕೊರೆಯುವಾಗ ಅದರ ಮೇಲಿನ ಕಾಗದ ಕೀಳಬೇಡ. ಹಿಂದೆ ಮರ ಇಟ್ಟು ನಿಧಾನ ವೇಗದಲ್ಲಿ ಕೊರೆ. ಜೋರು ಮಾಡಿದರೆ ಕರಗಿ ಬಿಟ್‌ಗೆ ಅಂಟುತ್ತದೆ, ಒತ್ತಿದರೆ ಸೀಳುತ್ತದೆ. ಯಾರಾದರೂ ಟೆಂಪರ್ಡ್ ಗಾಜು ತಂದು ತೂತು ಮಾಡುತ್ತೇನೆ ಅಂದರೆ ಬೇಡ ಅನ್ನಿ. ಅದು ಕೊರೆಯುವ ಗಾಜಲ್ಲ, ಒಂದು ಕಡೆ ಕೊರೆದರೂ ಪೂರ್ತಿ ಪುಡಿಯಾಗುತ್ತದೆ. ಗಾಜಿನ ಬಾಗಿಲು ಇರುವವರು ಅದನ್ನು ಟೈಲ್ಸ್ ನೆಲದ ಮೇಲೆ ನಿಲ್ಲಿಸಲೂಬೇಡಿ. ಅಂಚು ಟೈಲ್ಸಿಗೆ ತಾಗಿದರೆ ಸಾಕು, ಚೂರಾಗುತ್ತದೆ.

ಕಲಬುರಗಿ_ಬಿಸಿಲು (ಜುಲೈ 24)

ಬೆಳಕಿಗೆ ಯಾವ ಪಟ್ಟಿ ಹಾಕಬೇಕು?

ತುಮಕೂರು_ರೇಡಿಯಂ (ಜುಲೈ 24)

ಬೋರ್ಡುಗಳಿಗೆ ಹಾಕುವ 12 ವೋಲ್ಟಿನ ಮಾಮೂಲಿ ಎಲ್‌ಇಡಿ ಪಟ್ಟಿ ಸಾಕು. ಮೂರು ಮೂರು ಎಲ್‌ಇಡಿಗೆ ಒಂದು ಕತ್ತರಿ ಗುರುತು ಇರುತ್ತದೆ, ಅಲ್ಲೇ ಕತ್ತರಿಸಿ. ಪವರ್ ಸಪ್ಲೈಯಿಂದ ಬರುವ ನಾಲ್ಕು ಪಿನ್ನಿನ ಪ್ಲಗ್, ಅಂದರೆ ಮೊಲೆಕ್ಸ್‌ನಲ್ಲಿ ಹಳದಿ ವೈರು 12 ವೋಲ್ಟ್, ಕಪ್ಪು ಗ್ರೌಂಡ್. ಕೆಂಪು 5 ವೋಲ್ಟ್, ಅದನ್ನು ಬಿಡಿ. ಬೋರ್ಡಿನ ಲೈಟ್ ಪಿನ್ನಿಗೆ ಹಾಕುವವರು ಎಚ್ಚರ. ನಾಲ್ಕು ಪಿನ್ನಿನದ್ದು 12 ವೋಲ್ಟ್, ಮೂರು ಪಿನ್ನಿನದ್ದು 5 ವೋಲ್ಟ್. 5ರ ಪಟ್ಟಿಗೆ 12 ಕೊಟ್ಟರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಸಾಗರದ_ಮಳೆ (ಆಗಸ್ಟ್ 17)

ಮುಗಿಯಿತು! ಆಶ್ಲೇಷ ಮಳೆ ಕೊನೆಯಾಗುವ ಹೊತ್ತಿಗೆ ಎರಡು ದಿನ ಬಿಸಿಲು ಬಿತ್ತು. ಕಪ್ಪು ನಾಲ್ಕು ಕೋಟ್ ಹೊಡೆದೆ, ಮಬ್ಬು ಬರಲಿಲ್ಲ. ಮೇಡಂ ಹೇಳಿದ ಮೂರೂ ಕಡೆ ಟೇಪ್ ಹಾಕಿದ್ದೆ. ಮಲ್ಟಿಮೀಟರ್ ಬೀಪ್ ಅಂತು. ಬಾಗಿಲಿಗೆ ಅಕ್ರಿಲಿಕ್, ಅದರ ಮೇಲೆ 'ಮುಂಗಾರು'. ರಾತ್ರಿ ಕೋಣೆಯ ದೀಪ ಆರಿಸಿದರೆ ಸೊನ್ನೆ ಉಂಗುರದ ಹಾಗೆ ಕಾಣುತ್ತದೆ. ಬಾಗಿಲು ಹಾಕಿ ಅರ್ಧ ಗಂಟೆ ಆಡಿದರೆ ಈಗ 76. ಜಾಲರಿ ಹಾಕಿದ್ದಕ್ಕೆ ಒಂದು ಡಿಗ್ರಿ ಏರಿತು ಅನ್ನಿಸುತ್ತದೆ, ಇರಲಿ.

ಖರ್ಚು ಹುಬ್ಬಳ್ಳಿಯವರು ಹೇಳಿದಷ್ಟೇ ಬಂತು, 2,850 ರೂಪಾಯಿ. ಅರ್ತ್ ಗುಂಡಿಯ ಖರ್ಚು ಇದರಲ್ಲಿ ಸೇರಿಲ್ಲ.

ಅಪ್ಪ ಬಂದು ನೋಡಿದರು. ಬೆಳಕಿನ ಬಗ್ಗೆ ಏನೂ ಹೇಳಲಿಲ್ಲ. ಸಿಡಿ ಡ್ರೈವಿನ ಸಂದಿಗೆ ಬೆರಳು ಹಾಕಿ ನೋಡಿ, "ಇದನ್ನು ಒರೆಸಲಿಲ್ಲವಾ" ಅಂದರು. ಇಲ್ಲ ಅಂದೆ.

ಹುಬ್ಬಳ್ಳಿ_ಗಾಳಿಪಟ (ಆಗಸ್ಟ್ 17)

ಹೊಸದು ತಗೊಳ್ಳಿ ಅಂದಿದ್ದೆ. ನಿಮ್ಮದೇ ಸರಿ ಸರ್. ನಮ್ಮ ಅಟ್ಟದಲ್ಲೂ ಒಂದು ಇದೆ, ನಾಳೆ ಇಳಿಸುತ್ತೇನೆ. ಅದರ ಅಗಲ 180 ಮಿಮೀ ಮಾತ್ರ. ಉದ್ದನೆಯ ಟವರ್ ಕೂಲರ್ ಕೂರುತ್ತದೆಯೇ?

ಪೀಣ್ಯ_ತಗಡು (ಆಗಸ್ಟ್ 18)

ಹೊರಗಿನ ಅಗಲದಲ್ಲಿ ಹಿತ್ತಾಳೆ ಕಂಬ, ಬೋರ್ಡು, ಪ್ರೊಸೆಸರ್ ಎಲ್ಲಾ ಕಳೆಯಬೇಕು. 155 ಮಿಮೀ ಎತ್ತರದ ಕೂಲರ್ ಬಾಗಿಲಿಗೆ ತಾಗುವ ಸಂಭವ ಜಾಸ್ತಿ. ಬೋರ್ಡು ಕೂರಿಸಿ, ಪ್ರೊಸೆಸರ್ ಮೇಲಿನಿಂದ ಬಾಗಿಲಿನ ಒಳಮೈವರೆಗೆ ಸ್ಕೇಲ್ ಹಿಡಿದು ನೋಡಿ. ಅದಕ್ಕಿಂತ 5 ಮಿಮೀ ಗಿಡ್ಡ ಇರುವ ಕೂಲರ್ ತಗೊಳ್ಳಿ.

ಕಲಬುರಗಿ_ಬಿಸಿಲು (ಆಗಸ್ಟ್ 18)

ನನ್ನದು ಮೊದಲ ಗುಂಡಿ ಆಯಿತು ಅಣ್ಣಾರ. ಫ್ಯಾನಿನ ನಾಲ್ಕು ಸ್ಕ್ರೂಗೆ ಯಾವ ಬಿಟ್ ಹಾಕಲಿ?

ಪೀಣ್ಯ_ತಗಡು (ಆಗಸ್ಟ್ 18)

ನಾಲ್ಕೂವರೆ ಮಿಮೀ. ಮೊದಲು ಎರಡು ತೂತು ಕರ್ಣಕ್ಕೆ ಕೊರೆದು ಫ್ಯಾನ್ ಇಟ್ಟು ನೋಡಿ, ಆಮೇಲೆ ಉಳಿದೆರಡು.